ತಬಸುಮ್‌ಗೆ ಕೊಟ್ಟ ಎಂಟು ಗುಳಿಗೆ

ಗುಣವಾದ ಮೇಲೂ ಗುಳಿಗೆ ನುಂಗುವುದು ಸಾಧಿಕ್‌ಗೆ ದಡ್ಡತನವೆನಿಸಿತು. ನವಲಗುಂದದಲ್ಲಿ ಜಮಖಾನದ ನೂಲಿಗೆ ಬಣ್ಣ ಹಾಕುವುದು ಅವನ ಕೆಲಸ. ಬಣ್ಣ ಕಚ್ಚಿದ ನೂಲನ್ನು ಅವನು ಯಾವತ್ತೂ ಮತ್ತೆ ಹಂಡೆಗೆ ಅದ್ದಿದವನಲ್ಲ.

ಹದಿನೈದು ವರ್ಷದ ಮಗಳು ತಬಸುಮ್‌ಗೆ ಬೇಸಿಗೆಯಲ್ಲಿ ಫಿಟ್ಸ್ ಬಂದಿತ್ತು. ಒಂದರ ಹಿಂದೆ ಒಂದು, ನಿಲ್ಲಲೇ ಇಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಮೊದಲು ತೂಕ ನೋಡಿದರು, ನಲವತ್ತು ಕಿಲೋ. ಆಮೇಲೆ ಸಲೈನ್ ಹಚ್ಚಿ ಔಷಧ ಏರಿಸಿದರು. ಫಿಟ್ಸ್ ನಿಂತಿತು.

"ಮೊದಲನೇ ದಿನ ಎಂಟು ಗುಳಿಗಿಯಷ್ಟು ಔಷಧ ಕೊಟ್ಟೇವಿ," ಎಂದಿದ್ದರು ಡಾಕ್ಟರು. "ಇನ್ನ ಮ್ಯಾಲ ದಿನಾ ಎರಡು. ನಾವು ಹೇಳೂತನಕ ಬಿಡಬ್ಯಾಡ್ರಿ."

ಸಾಧಿಕ್‌ನ ತಲೆಯಲ್ಲಿ ಎಂಟು ಉಳಿಯಿತು. ಉಳಿದದ್ದು ಉಳಿಯಲಿಲ್ಲ.

ಮೂರು ತಿಂಗಳು ಹುಡುಗಿಗೆ ಏನೂ ಆಗಲಿಲ್ಲ. ಅವನು ಗುಳಿಗೆ ಬಿಡಿಸಿದ.

"ಡಾಕ್ಟರ್ ಬಿಡು ಅಂದಿಲ್ಲಲ್ರಿ," ಎಂದಳು ಹೆಂಡತಿ ರೂಬಿನಾ.

"ಎಂಟರ ಜೋರಿಗೆ ಗುಣ ಆಗೇತಿ. ಈ ಎರಡು ಯಾತಕ್ಕ? ಅವರ ಔಷಧ ಅಂಗಡಿ ನಡೀಬೇಕಲ್ಲ, ಅದಕ್ಕ."

"ನೀವು ಯಾವಾಗ ಡಾಕ್ಟರ್ ಆದ್ರಿ? ನನಗ ಹೇಳಲೇ ಇಲ್ಲ."

ಸಾಧಿಕ್ ನಕ್ಕುಬಿಟ್ಟ.

ಮೂರು ವಾರದ ನಂತರ ಒಂದು ಮುಂಜಾನೆ ತಬಸುಮ್ ಹಂಡೆಯ ಬಾಜು ನಿಂತಿದ್ದವಳು ಬಿದ್ದಳು. ಬಲಗೈ ಒಲೆಯ ಕೆಂಡದ ಮೇಲಿತ್ತು. ಫಿಟ್ಸ್ ಬಂದವರು ಸುಟ್ಟ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಎಳೆದವಳು ರೂಬಿನಾ.

ಓಣಿಯ ದವಾಖಾನೆಯಲ್ಲಿ ಸಾಧಿಕ್, "ಎಡವಿ ಬಿದ್ದಳು," ಎಂದ. ಫಿಟ್ಸ್ ಮಾತು ಎತ್ತಲಿಲ್ಲ. ಹುಡುಗಿಗೆ ಮುಂದೆ ವರ ನೋಡಬೇಕಲ್ಲ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ತಂದು, ಎಂಟು ಗುಳಿಗೆ ಎಣಿಸಿ ಕೊಟ್ಟ. ಇರಲಿ ಎಂದು ಸಂಜೆ ಮತ್ತೆ ಎಂಟು.

ಮರುದಿನ ತಬಸುಮ್‌ಗೆ ಎದ್ದು ನಿಲ್ಲಲು ಆಗಲಿಲ್ಲ. ಕಣ್ಣುಗುಡ್ಡೆಗಳು ಒಂದೇ ಸಮನೆ ಅದುರುತ್ತಿದ್ದವು. ವಾಂತಿ ನಿಲ್ಲಲಿಲ್ಲ. "ಅಬ್ಬಾ" ಎನ್ನಲು ಹೋದರೆ ನಾಲಿಗೆ ಹೊರಳಲಿಲ್ಲ. ರೂಬಿನಾ ಆಸ್ಪತ್ರೆಯ ಚೀಟಿ ಹಿಡಿದು ಓಡಿಹೋಗಿ, ಗುಳಿಗೆ ಬಿಡಿಸಿದ್ದನ್ನು ಹೇಳಿ, ಆರೋಗ್ಯ ಕೇಂದ್ರದ ನರ್ಸ್ ಶೈಲಶ್ರೀಯನ್ನು ಕರೆತಂದಳು. ಶೈಲಶ್ರೀ ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ, ಆಮೇಲೆ ಸಾಧಿಕ್‌ನತ್ತ ತಿರುಗಿದಳು.

"ಕಾಕಾ, ಎಷ್ಟು ಕೊಟ್ರಿ?"

"ಎಂಟು. ಮತ್ತ ಎಂಟು."

"ಯಾರ ಹೇಳಿದ್ರು?"

"ದವಾಖಾನ್ಯಾಗ ಎಂಟ ಕೊಟ್ಟಿದ್ರಲ್ಲ! ಅವರು ಕೊಟ್ರ ಔಷಧ, ನಾ ಕೊಟ್ರ ವಿಷ ಏನು?"

"ಹೌದ್ರಿ. ಲೆಕ್ಕ ತಪ್ಪಿದ್ರ ವಿಷಾನ." ಅವಳು ಹುಡುಗಿಯ ನಾಡಿಯಿಂದ ಕೈ ತೆಗೆಯಲಿಲ್ಲ. "ನೀವು ಹಂಡೇದಾಗ ಬಣ್ಣ ಹೆಂಗ ಹಾಕ್ತೀರಿ?"

"ಈಗ ಅದ್ಯಾಕಬೇ?"

"ಹೇಳ್ರಿ."

"ಮೊದಲ ನೀರ ನೋಡಿ ಪೂರಾ ಅಳತಿ ಹಾಕೂದು. ಆಮ್ಯಾಲ ಒಂದೊಂದು ಲಡಿ ನೂಲು ಎಷ್ಟು ಬಣ್ಣ ಕುಡೀತೈತಿ, ಅಷ್ಟ ಸೇರಸ್ಕೋತ ಹೋಗೂದು."

"ಲಡಿಗೊಮ್ಮೆ ಪೂರಾ ಅಳತಿ ಹಾಕಿದ್ರ?"

"ಕರ್ರಗಾಗಿ ನೂಲು ಹಾಳ."

"ಏನೂ ಹಾಕದಿದ್ರ?"

"ಹಂಡ್ಯಾಗಿನ ಬಣ್ಣ ತೀರಿ ನೂಲು ಬೆಳ್ಳಗ ಉಳೀತೈತಿ."

"ನಿಮ್ಮ ಮಗಳು ನೂಲಲ್ರಿ, ಹಂಡೆ. ಔಷಧ ಒಮ್ಮೆ ಹಾಕಿದ್ರ ಕಚ್ಚಿಕೊಂಡು ಕೂಡೂದಿಲ್ಲ, ದೇಹ ದಿನಾ ಹೊರಗ ಹಾಕ್ತೈತಿ. ರಕ್ತದಾಗ ಔಷಧದ ಮಟ್ಟ ಜಲ್ದಿ ಏರಲಿ ಅಂತ ಮೊದಲ ದಿನ ದೊಡ್ಡ ಡೋಸ್. ಕಿಲೋಕ್ಕ ಇಪ್ಪತ್ತು ಮಿಲಿಗ್ರಾಂ ಅಂದ್ರ ನಲವತ್ತು ಕಿಲೋಕ್ಕ ಎಂಟುನೂರು. ನೂರರ ಗುಳಿಗಿ ಎಂಟಾತು. ಆಮ್ಯಾಲ ಹೊರಗ ಹೋದಷ್ಟ ತುಂಬಾಕ ದಿನಾ ಎರಡು. ಆ ಎರಡು ಬಿಡಿಸಿದ್ರಿ, ಮಟ್ಟ ಇಳೀತು, ಫಿಟ್ಸ್ ಬಂತು. ಈಗ ಹದಿನಾರು ಹಾಕೀರಿ. ಈ ಔಷಧ ಹೆಚ್ಚಾದ್ರ ಲಿವರ್ ಕೈ ಸೋಲತೈತಿ, ಹೊರಗ ಹೋಗೂದ ತಡ ಆಗ್ತೈತಿ."

"ಇಳಿಸಾಕ ಸೂಜಿ ಇಲ್ಲೇನು?"

"ಇಲ್ರಿ. ಕಾಯೂದಷ್ಟ."

ದೊಡ್ಡ ಆಸ್ಪತ್ರೆಯಲ್ಲಿ ಐದು ದಿನ ಕಾದರು. ರಕ್ತ ಪರೀಕ್ಷೆ ಮಾಡಿ ಮಾಡಿ ಮಟ್ಟ ನೋಡಿದರು. ಎರಡನೆಯ ದಿನ ಡಾಕ್ಟರು, "ಈಗಲೇ ಏನೂ ಹೇಳಾಕ ಬರೂದಿಲ್ಲ," ಎಂದರು. ಆರನೆಯ ದಿನ ತಬಸುಮ್ ಒಬ್ಬಳೇ ನಡೆದಳು. ಆದರೆ ಸುಟ್ಟ ಬಲಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲ. ಜಮಖಾನದ ಮಗ್ಗದ ಮುಂದೆ ಕುಳಿತರೆ ಅವಳಿಗೆ ಗಂಟು ಬಿಗಿಯಲು ಬರುವುದಿಲ್ಲ.

ಬಿಡುಗಡೆಯ ದಿನ ಸಾಧಿಕ್ ಡಾಕ್ಟರ ಮೇಜಿನ ಮುಂದಿನಿಂದ ಕದಲಲಿಲ್ಲ.

"ಇವತ್ತ ಎಷ್ಟ್ರಿ? ನಾಳಿಂದ ಎಷ್ಟ್ರಿ? ಯಾವಾಗಿನ ತನಕ? ಒಂದು ದಿನ ತಪ್ಪಿದ್ರ ಏನ ಮಾಡೂದ್ರಿ?"

ಡಾಕ್ಟರು ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಟ್ಟರು. ಹಿಂದಿನ ಸಲ ಕೇಳಿದ್ದರೆ ಆಗಲೂ ಬರೆದುಕೊಡುತ್ತಿದ್ದರು.

ನಿಮ್ಮ ಮನೆಯಲ್ಲಿ ದಿನಾ ಗುಳಿಗೆ ತೆಗೆದುಕೊಳ್ಳುವವರಿದ್ದರೆ ಈ ನಾಲ್ಕು ಪ್ರಶ್ನೆ ನೀವೂ ಕೇಳಿ, ಉತ್ತರ ಬರೆಸಿಕೊಳ್ಳಿ. ಗುಣ ಕಂಡಿತೆಂದು ನೀವಾಗಿಯೇ ಬಿಡಬೇಡಿ. ಬಿಟ್ಟುಹೋದದ್ದನ್ನೆಲ್ಲ ಒಮ್ಮೆಲೇ ನುಂಗಿಸಬೇಡಿ. ಒಬ್ಬರ ತೂಕಕ್ಕೆ ಹಾಕಿದ ಲೆಕ್ಕವನ್ನು ಇನ್ನೊಬ್ಬರ ಬಾಯಿಗೆ ಹಾಕಬೇಡಿ. ಹೆಚ್ಚು ಹೋಗಿದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಎಷ್ಟು ಕೊಟ್ಟಿರಿ, ಯಾವಾಗ ಕೊಟ್ಟಿರಿ, ಮುಚ್ಚಿಡದೆ ಹೇಳಿ. ನಾಚಿಕೆ ನಿಮ್ಮದು, ಜೀವ ಹೋಗುವುದು ಮಕ್ಕಳದು.