ಹೊಸ್ತಿಲಿಂದ ಎಪ್ಪತ್ತು ಹೆಜ್ಜೆ

“ಎಲ್ಲಿದೆಯೇ ಮುದುಕಿ ನಿನ್ ಮನೆ? ನಕ್ಷೇಲಿ ಬೆರಳಿಟ್ ತೋರ್ಸು, ನೋಡೋಣ,” ಎಂದ ತೋಟದ ಸಾಹೇಬ.

ಕಳೆಯವ್ವ ಬಗ್ಗಿ ನೋಡಿದಳು. ಕಳೆ ಕಿತ್ತೂ ಕಿತ್ತೂ ಬಂದ ಹೆಸರು ಅದು. ಅಪ್ಪ ಅಮ್ಮ ಇಟ್ಟದ್ದು ಅವಳಿಗೇ ಮರೆತಿತ್ತು. ಮೇಜಿನ ಮೇಲಿನ ಓಬೀರಾಯನ ಕಾಲದ ಹಾಳೆಯಲ್ಲಿ ಬಂಗಲೆ ಇತ್ತು, ಕಾರಂಜಿ ಇತ್ತು, ಯಜಮಾನರ ನಾಯಿಗಳಿಗೊಂದು ಮನೆಯೂ ಇತ್ತು. ನಾಲ್ಕು ತಲೆಮಾರಿನಿಂದ ಆ ತೋಟದ ಮಣ್ಣು ಹೊತ್ತವರ ಮನೆ ಮಾತ್ರ ಇರಲಿಲ್ಲ.

ಹಾಳುಬಿದ್ದ ತೋಟವನ್ನು ಮೊದಲಿದ್ದ ಹಾಗೇ ಮಾಡಬೇಕೆಂದು ಸರ್ಕಾರದ ಆಜ್ಞೆಯಾಗಿತ್ತು. ನಕ್ಷೆಯಲ್ಲಿ ಇಲ್ಲದ್ದು ನೆಲದ ಮೇಲೂ ಇರಕೂಡದು. ಮರುದಿನ ಬುಲ್ಡೋಜರ್ ಬಂದು ತಿಂಡಿ ಹೊತ್ತಿಗೆಲ್ಲ ಕೆಲಸ ಮುಗಿಸಿತು. ಮನೆ ಇದ್ದಲ್ಲಿಂದ ತೋಟದ ಗೋಡೆಯವರೆಗೂ ಹುಲ್ಲು ಹಾಸಿದರು. ಕಳೆಯವ್ವ, ಮಗಳು ಇಬ್ಬರೂ ಸೇರಿ ಹೊಸ್ತಿಲಿನ ಕಲ್ಲನ್ನು ಉರುಳಿಸಿಕೊಂಡು ಹೋಗಿ, ಗೇಟಿನ ಹೊರಗೆ ಟಾರ್ಪಾಲು ಕಟ್ಟಿ ಅದರ ಮುಂದೆ ಹಾಕಿಕೊಂಡರು. ಮನೆ ಹೋದರೂ ಕೆಲಸ ಹೋಗಲಿಲ್ಲ. ಕಳೆಗೆ ನಕ್ಷೆಯ ಹಂಗಿಲ್ಲವಲ್ಲ.

ಇನ್ನು ಹನ್ನೊಂದು ದಿನಕ್ಕೆ ತೋಟದ ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು. ಮಣ್ಣಲ್ಲಿ ಹೂತುಹೋದ ಕಾರಂಜಿ ಸಿಕ್ಕಿರಲಿಲ್ಲ. ನಕ್ಷೆಯಲ್ಲಿ ಚಿತ್ರ ಚೆಂದವಿತ್ತು, ಅಳತೆ ಇರಲಿಲ್ಲ. ಅಂಚಿನಲ್ಲಿ ಇಷ್ಟೇ ಬರೆದಿತ್ತು: ಹೊಸ್ತಿಲಿಂದ ಮೂಡಕ್ಕೆ ಎಪ್ಪತ್ತು ಹೆಜ್ಜೆ. ಹೊಸ್ತಿಲೆಂದರೆ ಬಂಗಲೆಯದೇ ಎಂದು ದೂರದಿಂದ ಕರೆಸಿದ ತಜ್ಞರು ತೀರ್ಮಾನಿಸಿದರು. ಸಾಹೇಬ ಖುದ್ದಾಗಿ ಹೆಜ್ಜೆ ಎಣಿಸಿದ. ಮೂರು ಗುಂಡಿ ತೋಡಿದ್ದಕ್ಕೆ ಒಂದು ಕುದುರೆ ಲಾಳ ಸಿಕ್ಕಿತು. ಪಕ್ಕದಲ್ಲೇ ಕಳೆ ಕೀಳುತ್ತಿದ್ದ ಕಳೆಯವ್ವನಿಗೆ ನಗು ತಡೆಯಲಾಗಲಿಲ್ಲ.

“ಏನೇ ಹಲ್ ಕಿಸೀತೀಯ, ಮುದಿ ಮುಂಡೆ? ಗೊತ್ತಿದ್ರೆ ಬೊಗಳು.”

“ಅದು ನಮ್ಮಪ್ಪನ ಅಜ್ಜ ಹಾಕಿದ್ ಅಳತೆ ಸಾಹೇಬ್ರೆ. ಬಂಗ್ಲೆ ಹೊಸ್ತಿಲ ಹತ್ರಕ್ಕೂ ನಮ್ಮೋರ್ನ ಬಿಡ್ತಿರ್ಲಿಲ್ಲ. ಅಲ್ಲಿಂದ ಹೆಂಗ್ ಎಣಿಸ್ತಾನೆ? ತನ್ ಮನೆ ಹೊಸ್ತಿಲಿಂದ ಎಣಿಸ್ದ.”

ತಜ್ಞರು ಕನ್ನಡಕ ತೆಗೆದು ಒರೆಸಿಕೊಂಡರು. ಕಾರಂಜಿಯೊಂದೇ ಅಲ್ಲ, ದಾರಿ, ಕಾಲುವೆ, ಹೂವಿನ ಪಾತಿ, ಎಲ್ಲದರ ಲೆಕ್ಕವೂ ಅಲ್ಲಿಂದಲೇ ಎಂದು ಕಳೆಯವ್ವ ವಿವರಿಸಿದಳು. ಕಳೆ ಕೀಳುವಾಗ ಅಪ್ಪ ಬಾಯಿಪಾಠ ಮಾಡಿಸಿದ್ದನಂತೆ.

ಸಾಹೇಬನ ಬಾಯಲ್ಲಿ ಬೆಣ್ಣೆ ಕರಗಿತು. ಮುಂಡೆ ಹೋಗಿ ಅವ್ವ ಆದಳು. ನಾಲ್ಕಾಳು ಓಡಿಹೋಗಿ ಕಲ್ಲನ್ನು ಹೊತ್ತು ತಂದು ಹುಲ್ಲಿನ ಮೇಲಿಟ್ಟರು. ಎತ್ತ ನೋಡಿದರೂ ಹುಲ್ಲು ಒಂದೇ ಸಮ. ಮನೆ ಎಲ್ಲಿತ್ತು ತೋರಿಸವ್ವ ಎಂದು ಅವನು ಕೇಳಿದ. ಅಲ್ಲೇ ಮತ್ತೆ ಮನೆ ಕಟ್ಟಿಕೊಡಿ, ಕಣ್ಣು ಮುಚ್ಚಿಕೊಂಡು ಎಣಿಸಿ ಕೊಡುತ್ತೇನೆ ಎಂದಳು ಅವಳು. ಮೂಲ ನಕ್ಷೆಯಲ್ಲಿ ಇಲ್ಲದ್ದನ್ನು ಕಟ್ಟಲು ಬರುವುದಿಲ್ಲ, ತೋರಿಸದಿದ್ದರೆ ನಾಳೆಯಿಂದ ಕೆಲಸವೂ ಇಲ್ಲ, ಟಾರ್ಪಾಲೂ ಇಲ್ಲ ಎಂದ ಸಾಹೇಬ.

ಈ ಕೆಲಸ ಬಿಟ್ಟರೆ ಕಳೆಯವ್ವನಿಗೆ ಬೇರೆ ಗತಿ ಇರಲಿಲ್ಲ. ಆದರೂ ಕೈಯಲ್ಲಿದ್ದ ಕಳೆಯನ್ನು ಅವನ ಬೂಟಿನ ಮುಂದೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು.

“ನಕ್ಷೇಲಿ ನೋಡ್ಕೊಳಿ ಸಾಹೇಬ್ರೆ. ಬೆರಳಿಟ್ಟು.”

ತಾಯಿ ಮಗಳು ಕಲ್ಲನ್ನು ಮತ್ತೆ ಗೇಟಿನ ಕಡೆಗೆ ಉರುಳಿಸತೊಡಗಿದರು. ಹುಲ್ಲಿನ ಮೇಲೆ ಉದ್ದಕ್ಕೆ ಗುರುತು ಬಿತ್ತು. ಸಾಹೇಬ ಬಂಗಲೆಯ ಹೊಸ್ತಿಲಿಗೆ ಹೋಗಿ, ಒಂದರಿಂದ ಮತ್ತೆ ಎಣಿಸಲು ಶುರುಮಾಡಿದ.