ತೊಳೆದಿಟ್ಟ ಗಾಲಿಕುರ್ಚಿ

ನಾನೊಂದು ಗಾಲಿಕುರ್ಚಿ. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಆ ಊರಿನ ಹೆಸರು ನೆನಪಿಲ್ಲ. ಬದುಕಿದ್ದೆಲ್ಲ ಹುಬ್ಬಳ್ಳಿಯ ಹಂಚಿನ ಗಿರಣಿ ಓಣಿಯಲ್ಲಿ. ಬಡ ಓಣಿಗಳಿಗೆ ಸಣ್ಣ ಅನುದಾನ ಕೊಡುವ ಯೋಜನೆಯೊಂದು ಬಂದಾಗ ಅಲ್ಲಿನ ಮಹಿಳಾ ಸಂಘದವರು ಟಿವಿ ಬೇಡ, ಗಾಲಿಕುರ್ಚಿ ಬೇಕೆಂದರು. ಆ ಹೆಮ್ಮೆ ನನಗೆ ಇವತ್ತಿಗೂ ಇದೆ.

ನಾನು ಹೆಚ್ಚಾಗಿ ಹೊತ್ತದ್ದು ದ್ಯಾಮವ್ವನನ್ನು. ಸೊಂಟದ ಕೆಳಗೆ ಬಲವಿಲ್ಲ, ಬಾಯಿ ಮಾತ್ರ ಭಾರಿ ಜೋರು. ದಿನಾ ಮಲ್ಲಿಗೆ ಕಟ್ಟಿ, ಮಡಿಲಲ್ಲಿಟ್ಟುಕೊಂಡು ದೊಡ್ಡ ರಸ್ತೆಗೆ ಮಾರಲು ಹೊರಡುತ್ತಿದ್ದಳು. ಓಣಿಯ ಕೊನೆಗೆ ತೆರೆದ ಗಟಾರ. ಅಲ್ಲಿ ನಾಲ್ಕು ಜನ ಸೇರಿ ನಮ್ಮಿಬ್ಬರನ್ನೂ ಎತ್ತಿ ದಾಟಿಸಬೇಕು. ಜನ ಸಿಗದ ದಿನ ಹೂವು ಮಡಿಲಲ್ಲೇ ಬಾಡುತ್ತಿತ್ತು. ಗಟಾರಕ್ಕೆ ಕಲ್ಲು ಹಾಸಲು ಅನುದಾನದ ಎರಡನೇ ಕಂತು ಬರಬೇಕಿತ್ತು.

“ಕಲ್ಲು ಬೀಳಲಿ, ಆಮ್ಯಾಲೆ ಯಾರ ದಾರೀನೂ ಕಾಯಂಗಿಲ್ಲ ನಾ. ಒಬ್ಬಾಕಿನ ಹೋಗ್ತೀನಿ,” ಎನ್ನುತ್ತಿದ್ದಳು.

ಮಧ್ಯಾಹ್ನವಾದರೆ ನನ್ನ ಮೇಲೆ ನೀರಿನ ಕೊಡ, ಅಕ್ಕಿ ಚೀಲ, ಆಸ್ಪತ್ರೆಗೆ ಹೊರಟ ಬಸುರಿ. ಒಮ್ಮೆ ಗಣಪತಿಯನ್ನೂ ಕೂರಿಸಿದ್ದರು! ಗೊಣಗುತ್ತಿದ್ದೆ, ನಿಜ. ಆದರೆ ಅಯ್ಯೋ, ಎಂಥ ದಿನಗಳವು!

ಕೊಟ್ಟ ಅನುದಾನ ಸದುಪಯೋಗವಾಗಿದೆಯೇ ಎಂದು ನೋಡಲು ಸಾಹೇಬರು ಬರುತ್ತಾರೆಂಬ ಸುದ್ದಿ ಬಂತು. ಬೀಗರು ಬಂದರೆ ಹೊಸ ಚಾದರ ಹಾಸುವ ಜನ ಅವರು. ಹುಣಸೆಹಣ್ಣು ಹಚ್ಚಿ ನನ್ನನ್ನು ತಿಕ್ಕಿದರು. ಹರಿದ ಸೀಟಿಗೆ ಹೊಸ ರೆಕ್ಸಿನ್ ಹೊಲಿಸಿ, ಬಣ್ಣ ಬಳಿದು, ಪ್ಲಾಸ್ಟಿಕ್ ಹೊದಿಸಿ, ಸಂಘದ ಕೋಣೆಯಲ್ಲಿ ನಿಲ್ಲಿಸಿ ಕುಂಕುಮವಿಟ್ಟರು. “ಇವತ್ತೊಂದಿನ ಕೂಡಬ್ಯಾಡವ್ವ, ಹೊಲಸಾಗ್ತದ,” ಎಂದು ಸಂಘದ ಮುಖಂಡೆ ರುದ್ರವ್ವ ಹೇಳಿದ್ದಕ್ಕೆ ದ್ಯಾಮವ್ವ ಪಕ್ಕದ ತನ್ನ ಮನೆಯಲ್ಲೇ ಉಳಿದಳು.

“ಇದನ್ನ ಯಾರು ಬಳಸ್ತಾರೆ?” ಸಾಹೇಬರು ಕೇಳಿದರು.

“ಯಾರೂ ಮುಟ್ಟಿಲ್ರಿ ಸಾಹೇಬ್ರ! ತಂದಾಗ ಹೆಂಗಿತ್ತೋ ಹಂಗ ಇಟ್ಟೀವಿ,” ಎಂದಳು ರುದ್ರವ್ವ, ಹೆಮ್ಮೆಯಿಂದ.

ಉಳಿದವರೂ ತಲೆಯಾಡಿಸಿದರು. ಗೋಡೆಯಾಚೆ ದ್ಯಾಮವ್ವನಿಗೆ ಎಲ್ಲವೂ ಕೇಳಿಸುತ್ತಿತ್ತು. ಅಂಥ ಬಾಯಿಯವಳು, ಸಂಘದ ಮರ್ಯಾದೆ ಹೋಗಬಾರದೆಂದು ಅವತ್ತು ತುಟಿ ಪಿಟಕ್ಕೆನ್ನಲಿಲ್ಲ. ನನಗೆ ಬಾಯಿದ್ದಿದ್ದರೆ ಓಣಿ ಕಿತ್ತುಹೋಗುವಂತೆ ಕಿರುಚುತ್ತಿದ್ದೆ.

ತಿಂಗಳಾದ ಮೇಲೆ ಕಾಗದ ಬಂತು. ಕುರ್ಚಿ ಬಳಕೆಯಲ್ಲಿಲ್ಲ, ಆದ್ದರಿಂದ ಎರಡನೇ ಕಂತು ಇಲ್ಲ. ರುದ್ರವ್ವ ಅಳುತ್ತಾ ಬಂದು ದ್ಯಾಮವ್ವನ ಮುಂದೆ ಕುಕ್ಕರಿಸಿದಳು. “ನಿನ್ನ ದಾರಿ ನಾವ ಮುಚ್ಚಿದ್ವಿ.”

“ಅಳಬ್ಯಾಡ ಬಿಡ. ನಾಳೆ ನಾಕು ಮಂದೀನ ಕೂಡ್ಸು, ಹೂ ಬಾಡ್ತಾವ,” ಎಂದಳು ದ್ಯಾಮವ್ವ.

ಹಾಗೆ ಏಳು ವರ್ಷ ನಮ್ಮನ್ನು ಎತ್ತಿದರು. ಆಮೇಲೆ ದ್ಯಾಮವ್ವ ತೀರಿಕೊಂಡಳು. ನಾನು ಸಂಘದ ಕೋಣೆಯ ಮೂಲೆ ಸೇರಿದೆ. ಒಂದು ಗಾಲಿ ಸೊಟ್ಟಗಾಗಿದೆ, ತುಕ್ಕು ಮೈತುಂಬ. ಈ ಹೊಲಸು ಮೈ ಅವತ್ತು ಸಾಹೇಬರ ಕಣ್ಣಿಗೆ ಬಿದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ!

ಹೋದ ವರ್ಷ ಗಟಾರಕ್ಕೆ ಕೊನೆಗೂ ಕಲ್ಲು ಹಾಸಿದರು. ಮುದುಕಿಯಾಗಿದ್ದ ರುದ್ರವ್ವ ನನ್ನನ್ನು ಹೊರಗೆ ತಂದು, ಖಾಲಿ ಕುರ್ಚಿಯನ್ನೇ ತಳ್ಳಿಕೊಂಡು ಹೊರಟಳು. ಕಲ್ಲಿನ ಮೇಲೆ ಕಿರುಗುಟ್ಟುತ್ತಾ ಗಟಾರ ದಾಟಿದೆ. ಯಾರೂ ಎತ್ತಲಿಲ್ಲ. ದೊಡ್ಡ ರಸ್ತೆ ಮುಟ್ಟಿದ ಮೇಲೆ ಅವಳು ನನ್ನ ಸೀಟಿನ ಮೇಲೆ ಕೈಯಿಟ್ಟು, “ಬಂದ್ವಿ ನೋಡವ್ವ,” ಎಂದಳು.