ನೆಲಮಾಳಿಗೆಯ ಮೂಗು

ಬೀದಿಯವರು ಅವಳನ್ನು ಮೂಗಿನಜ್ಜಿ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೂ ಅದರಲ್ಲಿ ಗೇಲಿಗಿಂತ ಗೌರವವೇ ಜಾಸ್ತಿ ಇತ್ತು. ಆ ಬೀದಿಯಲ್ಲಿ ಕರೆಂಟ್ ಹೋಗುವುದು ಮಾಮೂಲು, ಬರುವುದೇ ವಿಶೇಷ. ಫ್ರಿಜ್ಜನ್ನು ನಂಬಿ ಕೂತವರು ಯಾರೂ ಇರಲಿಲ್ಲ. ಮನೆಮನೆಗೂ ಅಡುಗೆಮನೆಯ ಕೆಳಗೊಂದು ನೆಲಮಾಳಿಗೆ ಇತ್ತು. ಅಜ್ಜಿಯ ಮನೆಯದರಲ್ಲಿ ಬಲಗಡೆ ಗೋಡೆಗೆ ಒಣಹುಲ್ಲಿನ ಮೇಲೆ ಆಲೂಗಡ್ಡೆಯ ರಾಶಿ, ಎಡಗಡೆ ಮರಳು ತುಂಬಿದ ಪೆಟ್ಟಿಗೆಗಳಲ್ಲಿ ಹೂತಿಟ್ಟ ಕ್ಯಾರೆಟ್ಟು, ಬೀಟ್‌ರೂಟು, ತೊಲೆಯಿಂದ ಜೋತುಬಿದ್ದ ಈರುಳ್ಳಿ. ಚಳಿಗಾಲ ಕಳೆದು ಹೊಸ ಬೆಳೆ ಕೈಗೆ ಬರುವವರೆಗೆ ಐದು ಹೊಟ್ಟೆ ತುಂಬಬೇಕಾದದ್ದು ಅಲ್ಲಿಂದಲೇ: ಅಜ್ಜಿಯದು, ಬಡಗಿ ಕೆಲಸದ ಮಗನದು, ಸೊಸೆಯದು, ಇಬ್ಬರು ಮೊಮ್ಮಕ್ಕಳದು.

ಆಲೂಗಡ್ಡೆಯ ಗುಣ ಎಲ್ಲರಿಗೂ ಗೊತ್ತು. ಒಂದು ಕೊಳೆತರೆ ನೆರೆಹೊರೆಯನ್ನೂ ಜೊತೆಗೆ ಕರೆದುಕೊಂಡೇ ಹೋಗುತ್ತದೆ. ಹಾಗಂತ ರಾಶಿಯನ್ನು ಪದೇಪದೇ ಕದಲಿಸಿದರೆ ಗಡ್ಡೆಗೆ ಪೆಟ್ಟಾಗಿ, ಪೆಟ್ಟಾದ ಕಡೆ ಅದೇ ಕೊಳೆ. ಅದಕ್ಕೇ ಅಜ್ಜಿ ದಿನಾ ಬೆಳಿಗ್ಗೆ ಕೆಳಗಿಳಿದು, ಒಂದು ಸಲ ಉಸಿರು ಎಳೆದುಕೊಂಡು, ಕೊಳೆತದ್ದು ಗೋಡೆಯ ಕಡೆಯೋ ಬಾಗಿಲ ಕಡೆಯೋ ವಾಸನೆಯಿಂದಲೇ ಹೇಳಿಬಿಡುತ್ತಿದ್ದಳು. ಹೇಳಿದ ಕಡೆ ಕೈ ಹಾಕಿದರೆ ಮೆತ್ತಗಾದ ಗಡ್ಡೆ ಸಿಗುತ್ತಿತ್ತು. ಅವಳ ಮಾತಿಲ್ಲದೆ ರಾಶಿ ಕದಲಿಸುವ ಹಾಗಿಲ್ಲ ಎನ್ನುವುದು ಆ ಮನೆಯ ಕಾನೂನು. ಮಗ ಕೂಡ ಅದನ್ನು ಮೀರಿದವನಲ್ಲ; ಕೆಳಗಿಳಿಯುತ್ತಿದ್ದವರು ಅತ್ತೆ, ಸೊಸೆ ಇಬ್ಬರೇ.

ಈ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅಜ್ಜಿಗೆ ಹತ್ತು ದಿನ ಜ್ವರ ಬಂತು. ಜ್ವರ ಹೋಗುವಾಗ ಮೂಗನ್ನೂ ಕಿತ್ತುಕೊಂಡು ಹೋಯಿತು. ಈರುಳ್ಳಿ ಹೆಚ್ಚಿದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಘಾಟು ಬರುತ್ತಿರಲಿಲ್ಲ. ಒಂದು ಚಿಂದಿ ಬಟ್ಟೆ ಸುಟ್ಟು ನೋಡಿದಳು. ಹೊಗೆ ಕಂಡಿತು, ಅಷ್ಟೆ. ಅವಳು ಯಾರಿಗೂ ಹೇಳಲಿಲ್ಲ. ಕಿವಿ ಮಂದವಾದರೆ ಹೇಳಿಕೊಳ್ಳಬಹುದು, ಕಣ್ಣು ಮಂಜಾದರೂ ಹೇಳಿಕೊಳ್ಳಬಹುದು. ಮೂಗಿನಜ್ಜಿಗೆ ಮೂಗೇ ಸತ್ತುಹೋಯಿತು ಎಂದರೆ ಆಮೇಲೆ ಉಳಿಯುವುದು ಬರೀ ಅಜ್ಜಿ. ಬರೀ ಅಜ್ಜಿಯರು ಬೀದಿ ತುಂಬ ಇದ್ದಾರೆ.

ಹಾಗಾಗಿ ದಿನಾ ಕೆಳಗಿಳಿದಳು, ಉಸಿರು ಎಳೆದುಕೊಂಡಳು, “ಎಲ್ಲಾ ಸರಿಯಿದೆ” ಎಂದು ಮೇಲೆ ಬಂದಳು. ಮೂರು ತಿಂಗಳು ಹೀಗೇ ನಡೆಯಿತು. ಒಂದು ದಿನ ಊಟಕ್ಕೆ ಕೂತಾಗ ಮಗನೇ ಕೇಳಿದ.

“ಅಮ್ಮಾ, ಈ ಸಲ ಒಂದೂ ಕೊಳೆತಿಲ್ವಾ? ಪ್ರತಿ ವರ್ಷ ಇಷ್ಟು ಹೊತ್ತಿಗೆ ಒಂದು ಬುಟ್ಟಿ ಆಗಿರ್ತಿತ್ತು.”

ಅಜ್ಜಿಯ ಬಾಯಿ ಸೋಲಲಿಲ್ಲ. “ಯಾಕಿಲ್ಲ? ಎಡಗಡೆ ಮೂರನೇ ಪೆಟ್ಟಿಗೇಲಿ ಕ್ಯಾರೆಟ್ ಒಂದು ಕೆಟ್ಟಿದೆ. ನಾಳೆ ಹೇಳೋಣ ಅಂತಿದ್ದೆ,” ಎಂದಳು. ಕ್ಯಾರೆಟ್ ಪೆಟ್ಟಿಗೆ ಚಿಕ್ಕದು, ಅಗೆದರೆ ನಷ್ಟವೂ ಚಿಕ್ಕದು ಎಂಬ ಲೆಕ್ಕಾಚಾರ ಅವಳದು. ಸುಳ್ಳು ಹೇಳುವಾಗಲೂ ಮಿತವ್ಯಯ ಬಿಡದ ಹೆಂಗಸು.

ಸೊಸೆ ತಟ್ಟೆ ಬಿಟ್ಟು ಎದ್ದಳು. ಮೊದಲು ಹಿತ್ತಲಿಗೆ ಹೋಗಿ ಕೈ ತೊಳೆದು, ಆಮೇಲೆ ಕೆಳಗಿಳಿದಳು. ಸ್ವಲ್ಪ ಹೊತ್ತಿಗೆ ಮೇಲೆ ಬಂದಾಗ ಅವಳ ಕೈಯಲ್ಲಿ ಒಂದು ಕೊಳೆತ ಕ್ಯಾರೆಟ್ ಇತ್ತು. “ಇತ್ತು ಅತ್ತೆ,” ಎಂದಳು.

“ನಮ್ಮಮ್ಮನ ಮೂಗು ಅಂದ್ರೆ ಸುಮ್ನೇನಾ!” ಮಗ ಖುಷಿಯಾಗಿ ಇನ್ನೊಂದು ತುತ್ತು ಬಾಯಿಗಿಟ್ಟ.

ಅಜ್ಜಿ ಕ್ಯಾರೆಟ್ಟನ್ನು ನೋಡಿದಳು. ಅದಕ್ಕೆ ಅಂಟಿದ್ದು ಪೆಟ್ಟಿಗೆಯ ಮರಳಲ್ಲ, ಒಲೆಯ ಬೂದಿ. ಜೊತೆಗೆ ಬಸಿದು ಬಿಸಾಡಿದ ಟೀಪುಡಿ. ಹಿತ್ತಲ ತಿಪ್ಪೆಯಿಂದ ಬಂದ ಕ್ಯಾರೆಟ್ಟು. ಸೊಸೆಗೆ ಎಲ್ಲ ಗೊತ್ತಿದೆ, ಗೊತ್ತಿದ್ದೂ ತನ್ನ ಮಾನ ಉಳಿಸಿದ್ದಾಳೆ. ಮೊದಲು ಪಿತ್ತ ನೆತ್ತಿಗೇರಿತು. ಇವಳ ಕರುಣೆಯಲ್ಲಿ ಬದುಕುವ ಕಾಲ ಬಂತೇ ಎನಿಸಿತು. ಆದರೆ ಬಾಯಿ ಬಿಟ್ಟರೆ ತನ್ನದೇ ಬಣ್ಣ ಬಯಲು. ಅಜ್ಜಿ ಕೋಪವನ್ನು ಊಟದ ಜೊತೆಗೇ ನುಂಗಿಕೊಂಡಳು.

ಮಗನಿಗೆ ಸುದ್ದಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಎದುರು ಮನೆಯ ಬೇಕರಿಯವನು ಬಾಗಿಲಲ್ಲಿ ನಿಂತಿದ್ದ, ಮೈಕೈಗೆಲ್ಲ ಮೈದಾಹಿಟ್ಟು.

“ಅಮ್ಮಾ, ಮರಳಿನ ಅಡಿ ಇದ್ದ ಕ್ಯಾರೆಟ್ ವಾಸನೆ ಹಿಡಿದ್ರಂತೆ. ನಮ್ಮ ನೆಲಮಾಳಿಗೇಲೂ ಏನೋ ಕೆಟ್ಟಿರೋ ಹಾಗಿದೆ. ನಂಗೆ ಬ್ರೆಡ್ ವಾಸನೆ ಬಿಟ್ರೆ ಬೇರೆ ತಿಳಿಯಲ್ಲ. ಒಂದ್ಸಲ ಬಂದು ನೋಡಿ. ನೀವು ಸರಿ ಅಂದ್ರೆ ಸರಿ, ನಾನು ನಿಶ್ಚಿಂತೆಯಾಗಿ ಇದ್ದುಬಿಡ್ತೀನಿ.”

ಅವನ ಮನೆಯಲ್ಲಿ ಏಳು ಜನ. ಅಜ್ಜಿ ಚಪ್ಪಲಿ ಮೆಟ್ಟಿಕೊಳ್ಳಲು ಕಾಲು ಮುಂದಿಟ್ಟಳು. ಹೋಗಿ, ಉಸಿರು ಎಳೆದು, ಸರಿಯಿದೆ ಎಂದು ಬರುವುದು ಎಷ್ಟು ಹೊತ್ತಿನ ಕೆಲಸ? ಆದರೆ ಆ ನಿಶ್ಚಿಂತೆ ಎಂಬ ಮಾತು ಅವಳನ್ನು ಹಿಡಿದು ನಿಲ್ಲಿಸಿತು. ತನ್ನ ಮನೆಯವರ ಅನ್ನದ ಜೊತೆ ಮೂರು ತಿಂಗಳು ಆಟವಾಡಿದ್ದೇ ಹೆಚ್ಚಾಯಿತು, ಇನ್ನೊಬ್ಬರದೂ ಬೇಕೇ?

“ನನ್ನ ಮೂಗು ಸತ್ತು ಮೂರು ತಿಂಗಳಾಯ್ತಪ್ಪ,” ಎಂದಳು. “ಆ ಕ್ಯಾರೆಟ್ ಸುಳ್ಳು. ನನ್ನ ಸೊಸೆ ಬರ್ತಾಳೆ, ಕರ್ಕೊಂಡು ಹೋಗು.”

ಮಗ ಒಳಗಿನಿಂದ ಕೇಳಿಸಿಕೊಂಡು ಮೂಗಿನ ಮೇಲೆ ಬೆರಳಿಟ್ಟುಕೊಂಡ. ಅಜ್ಜಿಗೆ ನಾಚಿಕೆಯಿಂದ ನೆಲಕ್ಕೆ ಇಳಿದುಹೋದ ಹಾಗಾಯಿತು. ಸೊಸೆ ಮಾತ್ರ ಒಲೆಯ ಮುಂದಿನಿಂದ ಎದ್ದು ಬಂದು, ಬೇಕರಿಯವನಿಗೆ, “ನೀವು ನಡೀರಿ, ಒಂದು ಗಂಟೆ ಬಿಟ್ಟು ಬರ್ತೀನಿ. ಮೊದಲು ನಮ್ಮ ಮನೇಲಿ ಕೆಲಸ ಇದೆ,” ಎಂದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು.

“ಅತ್ತೆ, ಆಲೂಗಡ್ಡೆ ರಾಶಿ ತೆಗೀಬೇಕು. ಅಡೀಲಿ ಹೋಗಿದೆ.”

“ಯಾವಾಗಿಂದ?”

“ಹದಿನೈದು ದಿನದಿಂದ ವಾಸನೆ ಬರ್ತಿದೆ.”

“ಹದಿನೈದು ದಿನ! ನನ್ನ ಮೂಗು ಹೋಗಿರೋದು ನಿನಗೆ ಗೊತ್ತಿತ್ತಲ್ಲೇ. ಯಾಕೆ ಹೇಳಲಿಲ್ಲ?”

“ಮೇಲಿಂದ ಕೈಗೆ ಸಿಕ್ಕಿದ್ದನ್ನೆಲ್ಲ ನೀವು ಏಳೋಕೆ ಮುಂಚೆ ತೆಗೆದು ಹಾಕ್ತಿದ್ದೆ. ಅಡೀದಕ್ಕೆ ರಾಶಿ ಕದಲಿಸ್ಬೇಕು.” ಸೊಸೆ ಕಣ್ಣು ಕೆಳಗೆ ಹಾಕಿದಳು. “ದಿನಾ ನೀವು ಸರಿಯಿದೆ ಅಂತಿದ್ರಿ. ನೀವು ಸರಿ ಅಂದ ಮೇಲೆ ನಾನು ಹೇಗೆ ಮುಟ್ಟಲಿ?”

ಅಜ್ಜಿಯೇ ಮೊದಲು ಕೆಳಗಿಳಿದಳು. ಮೂರು ಜನ ಸೇರಿ ರಾಶಿ ಬಿಡಿಸಿದರು. ಗೋಡೆಯ ಕಡೆ ಕಾಲು ಭಾಗ ಕರಗಿ ನೀರಾಗಿತ್ತು. ಹೊಸ ಬೆಳೆಗೆ ಮುಂಚಿನ ಮೂರು ವಾರ ಅರೆಹೊಟ್ಟೆ ಎನ್ನುವುದು ಯಾರೂ ಹೇಳದೆ ಎಲ್ಲರಿಗೂ ಅರ್ಥವಾಯಿತು. ಆ ದುರ್ವಾಸನೆಗೆ ಮಗ ಎರಡು ಸಲ ಹೊರಗೋಡಿ ವಾಂತಿ ಮಾಡಿಕೊಂಡ. ಸೊಸೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡರೂ ತಡೆಯಲಾರದೆ ಕೆಮ್ಮುತ್ತಿದ್ದಳು.

“ನೀವಿಬ್ಬರೂ ಮೇಲೆ ಹೋಗಿ,” ಅಂದಳು ಅಜ್ಜಿ. “ನನಗೇನೂ ಆಗಲ್ಲ.” ರವಿಕೆಯ ತೋಳು ಮೇಲೆ ಸರಿಸಿ, ಮಂಡಿಯೂರಿ ಕೂತು, ಕೊಳೆತದ್ದನ್ನು ಬರಿಗೈಯಲ್ಲೇ ಬಾಚಿ ಬಾಚಿ ಬಕೆಟ್ಟಿಗೆ ತುಂಬಿದಳು. ಗಟ್ಟಿಯಿದ್ದವನ್ನು ಒಂದೊಂದಾಗಿ ಒರೆಸಿ, ಮುಗಿದ ಮೇಲೆ ಸೊಸೆಯನ್ನು ಕೂಗಿದಳು.

“ಬಾರಮ್ಮ, ಬಂದು ನೋಡು. ಈಗ ಸರಿಯಿದೆಯಾ ನೀನು ಹೇಳು.”